ಗಾಳ ಹಾಕುವ ಮೀನು

ಕೊಳದ ಅಂಚಿನಲ್ಲಿ ಒಂಟಿಕಾಲಿನ ಮೇಲೆ ನಿಂತ ಕೊಕ್ಕರೆಯನ್ನು ಕಂಡು ನಮ್ಮ ಹಿರಿಯರು ಅದರ ನಿಶ್ಚಲತೆಯನ್ನು ‘ಬಕಧ್ಯಾನ’ವೆಂದು ಕರೆದರು. ಮೀನನ್ನು ಹಿಡಿಯಲು ಹಕ್ಕಿಯು ಹೂಡುವ ತಪಸ್ಸು ಅದು. ಆದರೆ ಮೀನನ್ನು ಹಿಡಿಯಲು ಮೀನೇ ಧ್ಯಾನಕ್ಕೆ ಕುಳಿತುಕೊಳ್ಳುವುದೂ ಉಂಟು. ಅದರ ತಲೆಯ ಮೇಲೆ ಒಂದು ಗಾಳವೂ ಉಂಟು!

ಇಂಗ್ಲಿಷರು ಫ್ರಾಗ್‌ಫಿಶ್ ಎನ್ನುವ ಈ ಜೀವಿಯನ್ನು ನಾವು ಕಪ್ಪೆಮೀನು ಎನ್ನಬಹುದು. ಹಿಂದೂ ಮಹಾಸಾಗರವೂ ಸೇರಿದಂತೆ ಬೆಚ್ಚನೆಯ ಕಡಲುಗಳಲ್ಲಿ ಇದರ ಸುಮಾರು 50 ಪ್ರಭೇದಗಳಿವೆ. ಗುಂಡನೆಯ, ಗಂಟುಗಂಟಾದ ಮೈ. ಮೇಲ್ಮುಖವಾಗಿ ತೆರೆಯುವ ಅಗಲವಾದ ಬಾಯಿ. ಕಾಲುಗಳಂತೆ ನೆಲಕ್ಕೂರುವ ಈಜುರೆಕ್ಕೆಗಳು. ಸ್ಪಂಜಿನ ಪಕ್ಕದಲ್ಲಿ ಕುಳಿತರೆ ಇದೂ ಒಂದು ಸ್ಪಂಜಿನಂತೆಯೇ ಕಾಣುತ್ತದೆ. ಕೆಲವು ದಿನಗಳಲ್ಲಿ ಅಥವಾ ವಾರಗಳಲ್ಲಿ ಇದು ತನ್ನ ಬಣ್ಣವನ್ನೇ ಬದಲಿಸಿಕೊಳ್ಳಬಲ್ಲದು.

ಇದರ ಬೆನ್ನಿನ ಮೊದಲನೆಯ ಮುಳ್ಳು ಮಾರ್ಪಟ್ಟು ಗಾಳದ ಕೋಲಾಗಿದೆ. ತುದಿಯಲ್ಲಿ ಹುಳುವನ್ನೋ ಸಿಗಡಿಯನ್ನೋ ಹೋಲುವ ಮಾಂಸದ ತುಣುಕಿದೆ. ಅದನ್ನು ಬಾಯಿಯ ಮುಂದೆ ಮೆಲ್ಲನೆ ಆಡಿಸುತ್ತ ಕಪ್ಪೆಮೀನು ಕಾದಿರುತ್ತದೆ. ಆಸೆಪಟ್ಟು ಬಂದ ಮೀನು ಸಮೀಪಿಸಿದೊಡನೆ ಬಾಯಿಯು ಹಲವು ಪಟ್ಟು ಹಿಗ್ಗಿ, ನೀರಿನೊಡನೆ ಬೇಟೆಯನ್ನೂ ಒಳಗೆಳೆದುಕೊಳ್ಳುತ್ತದೆ. ಒಂದು ಸೆಕೆಂಡಿನ ನೂರನೆಯ ಒಂದು ಭಾಗದೊಳಗೆ ಇದೆಲ್ಲವೂ ಮುಗಿದುಹೋಗುತ್ತದೆ. ಇದರ ಬಂಧುವಾದ ಇನ್ನೊಂದು ಗಾಳದ ಮೀನನ್ನು ಅರಿಸ್ಟಾಟಲನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ವರ್ಣಿಸಿದ್ದಾನೆ.

ಇಂತಹ ಮೀನನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವವರೂ ಇದ್ದಾರೆ. ಆದರೆ ಈ ಕಾರ್ಯವು ಅಂಗಡಿಯಿಂದ ಮೀನನ್ನು ತಂದಷ್ಟು ಸುಲಭವಲ್ಲ. ಮೊದಲು ನೀರು ಸಿದ್ಧವಾಗಬೇಕು. ಕ್ಲೋರಿನ್ ತೆಗೆದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಮಿನಂತೆ ಸಮುದ್ರದ ಲವಣಗಳ ಮಿಶ್ರಣವನ್ನು ಕೂಡಿಸಬೇಕು; ಅಡಿಗೆಯ ಉಪ್ಪು ಸಾಲದು. ಉಷ್ಣತೆಯು ಸುಮಾರು 24ರಿಂದ 27 ಡಿಗ್ರಿ ಸೆಂಟಿಗ್ರೇಡ್ ಇರಬೇಕು. ಮೀನು ವಿಸರ್ಜಿಸುವ ಅಮೋನಿಯವು ಅದಕ್ಕೇ ವಿಷ. ಅದನ್ನು ನೈಟ್ರೈಟನ್ನಾಗಿ, ಅನಂತರ ಅಷ್ಟು ಅಪಾಯವಿಲ್ಲದ ನೈಟ್ರೇಟನ್ನಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳು ತೊಟ್ಟಿಯಲ್ಲಿ ನೆಲೆಗೊಳ್ಳಲು ಹಲವು ವಾರಗಳು ಬೇಕು. ಅಲ್ಲಿಯವರೆಗೆ ತೊಟ್ಟಿಯು ಮೀನಿಲ್ಲದೆಯೇ ಇರಬೇಕು. ಮುಂದೆ ನೀರು ಆವಿಯಾಗಿ ಇಳಿದಾಗ ಉಪ್ಪುನೀರನ್ನು ತುಂಬಬಾರದು. ಆವಿಯಾದುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲಿಯೇ ಉಳಿದಿದೆಯಷ್ಟೆ! ಆದುದರಿಂದ ಕ್ಲೋರಿನ್ ಇಲ್ಲದ ಸಿಹಿನೀರನ್ನೇ ಸೇರಿಸಬೇಕು.

ಈ ಅತಿಥಿಗೆ ಜೊತೆಗಾರರು ಬೇಡ. ತನ್ನಷ್ಟೇ ದೊಡ್ಡದಾದ ಮೀನನ್ನು ಸಹ ಇದು ನುಂಗಬಲ್ಲದು. ನುಂಗಿ ತಾನೂ ಸಾಯಬಹುದು. ಸಿಗಡಿಯ ಅಥವಾ ಕಡಲ ಮೀನಿನ ಚಿಕ್ಕ ತುಂಡನ್ನು ಕಡ್ಡಿಯ ತುದಿಗೆ ಸಿಕ್ಕಿಸಿ, ಬದುಕಿರುವಂತೆ ಅಲುಗಿಸಿದರೆ ಎಷ್ಟೋ ಕಪ್ಪೆಮೀನುಗಳು ಅದನ್ನು ತಿನ್ನಲು ಕಲಿಯುತ್ತವೆ. ವಾರಕ್ಕೆ ಎರಡು ಮೂರು ಸಲ ಕೊಟ್ಟರೆ ಸಾಕು. ಗಾಳವನ್ನು ಆಡಿಸುತ್ತಿರುವುದನ್ನು ಕಂಡು “ಅಯ್ಯೋ ಪಾಪ, ಹಸಿದಿದೆ” ಎಂದು ದಿನವೂ ಉಣಿಸುವವರ ಕರುಣೆಯೇ ಇದಕ್ಕೆ ಮೃತ್ಯುವಾಗುವುದುಂಟು. ನೀರಿನಿಂದ ಮೇಲೆತ್ತಿದರೆ ಇದು ಗಾಳಿಯನ್ನು ನುಂಗಿ ಸಂಕಟಪಡಬಹುದು. ಆದುದರಿಂದ ನೀರಿನೊಳಗೇ ಪಾತ್ರೆಯನ್ನು ಹಿಡಿದು ಸಾಗಿಸಬೇಕು.

ಸಾಕಿ ಬೇಸತ್ತವರು ಮೀನನ್ನು ಕಡಲಿಗೆ ಬಿಟ್ಟುಬಿಡುವುದು ಮತ್ತೂ ದೊಡ್ಡ ತಪ್ಪು. ನಮ್ಮ ಕಡಲುಗಳಲ್ಲಿಯೂ ಇರುವ ಸಿಂಹಮೀನು ಇಂತಹದೇ ಇನ್ನೊಂದು ಬೇಟೆಗಾರ ಮೀನು. ಅದು 1985ರಲ್ಲಿ ಅಮೆರಿಕದ ಫ್ಲಾರಿಡಾ ತೀರದಲ್ಲಿ ಕಾಣಿಸಿಕೊಂಡಿತು. ಸಾಕಿದವರು ಬಿಟ್ಟ ಮೀನುಗಳಿಂದಲೇ ಅದರ ಸಂತತಿ ಅಲ್ಲಿ ಬೆಳೆಯಿತೆಂದು ವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ. ಇಂದು ಅದು ಕೆರಿಬಿಯನ್ ಕಡಲಿನಲ್ಲೆಲ್ಲ ಹರಡಿ, ಅಲ್ಲಿಯ ಹವಳದ ದಿಬ್ಬಗಳ ಚಿಕ್ಕ ಮೀನುಗಳನ್ನು ತಿಂದು ಹಾಕುತ್ತಿದೆ.

ಕಪ್ಪೆಮೀನಿನ ತೊಟ್ಟಿಯ ಮುಂದೆ ನಿಂತವರು ಮೊದಲು ಕೇಳುವ ಪ್ರಶ್ನೆ, “ಮೀನು ಎಲ್ಲಿದೆ?” ಎಂಬುದು. ಅದು ಕಾಣಿಸಬೇಕಾದರೆ ನಾವೂ ಅದರಂತೆ ಸುಮ್ಮನೆ ನಿಲ್ಲಬೇಕು. ವಾರಗಟ್ಟಲೆ ಬರಿಯ ನೀರನ್ನು ಕಾಯುವ ತಾಳ್ಮೆ, ಕೊಡಬೇಕೆನಿಸಿದಾಗಲೂ ಕೈಯನ್ನು ತಡೆಯುವ ವಿವೇಕ, ಕೊನೆಯವರೆಗೂ ನೋಡಿಕೊಳ್ಳುವ ಹೊಣೆ, ಈ ಮೂರೂ ಇದ್ದವರು ಮಾತ್ರ ಇದನ್ನು ಸಾಕಲಿ. ಇಲ್ಲದವರು ಅದನ್ನು ಕಡಲಿನಲ್ಲಿಯೇ ಧ್ಯಾನ ಮಾಡಲು ಬಿಡುವುದು ಲೇಸು.