ಯಾವ ಟೆಸ್ಟ್ ಹಾಕ್ಲಿ ಅನ್ನುವ ಮೊದಲು: ಎಂಡೋಸಲ್ಫಾನ್ ಊರಿನ ಲೆಕ್ಕ ಮತ್ತು ನಮ್ಮ ಪ್ರಶ್ನೆ

ಕಳೆದ ತಿಂಗಳು ಸುಳ್ಯ ಕಡೆಯ ವಿದ್ಯಾರ್ಥಿನಿಯೊಬ್ಬಳು ನನಗೆ ಒಂದು ಎಕ್ಸೆಲ್ ಫೈಲ್ ಕಳಿಸಿದಳು. ಎಂಎಸ್‌ಡಬ್ಲ್ಯೂ ಪ್ರಾಜೆಕ್ಟ್. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಗೇರು ತೋಟದ ಬದಿಯ ಹಳ್ಳಿಗಳಿಗೆ ಹೋಗಿ ಮನೆ ಮನೆ ಸರ್ವೆ ಮಾಡುವುದು ಅವಳ ಪ್ಲಾನ್. ಫೈಲಿನಲ್ಲಿ ಡೇಟಾ ಇನ್ನೂ ಇಲ್ಲ, ಬರೀ ಕಾಲಂಗಳ ಹೆಸರು. ಒಟ್ಟು 34. ಕೆಳಗೆ ಒಂದೇ ಸಾಲು: "ಅಣ್ಣ, ಇದಕ್ಕೆ ಯಾವ ಟೆಸ್ಟ್ ಹಾಕ್ಬೇಕು?"

ನಾನು ಸ್ಟ್ಯಾಟಿಸ್ಟಿಕ್ಸ್ ಓದಿದವನು ಅಂತ ಗೊತ್ತಾದರೆ ಸಾಕು, ಎಲ್ಲರೂ ಕೇಳುವುದು ಇದನ್ನೇ. ನನ್ನ ಉತ್ತರವೂ ಯಾವಾಗಲೂ ಒಂದೇ: "ನಿನ್ನ ಪ್ರಶ್ನೆ ಎಂಥದು ಅಂತ ಮೊದಲು ಹೇಳು." ಅವಳು ಬರೆದಳು, "ಎಂಡೋಸಲ್ಫಾನಿಂದ ತೊಂದರೆ ಆಗಿದೆಯಾ ಅಂತ." ಹಿಂದೆಯೇ ಒಂದು ವಾಟ್ಸಾಪ್ ಫಾರ್ವರ್ಡ್ ಬಂತು. ಅವರ ಕುಟುಂಬದ ಗ್ರೂಪಿನಲ್ಲಿ ಯಾರೋ ಹಾಕಿದ್ದು. ಸರಕಾರಿ ಸಂಸ್ಥೆಯ ಅಧ್ಯಯನದಲ್ಲೇ ಮಕ್ಕಳ ಹುಟ್ಟುದೋಷದಲ್ಲಿ ವ್ಯತ್ಯಾಸ ಇಲ್ಲ ಅಂತ ಬಂದಿದೆ, ಇದೆಲ್ಲ ಪರಿಹಾರಕ್ಕಾಗಿ ನಾಟಕ ಅನ್ನುವುದು ಅದರ ಸಾರಾಂಶ. "ಇದು ಹೌದಾ ಅಣ್ಣ? ನಮ್ಮ ಪಕ್ಕದ ಮನೆಯ ಹುಡುಗ ಹುಟ್ಟಿದಾಗಿಂದ ಹಾಸಿಗೆಯಲ್ಲೇ ಇದ್ದಾನೆ."

ಆ ಮೇಲೆ ನಾವಿಬ್ಬರು ಎರಡು ದಿನ ಫೋನಿನಲ್ಲಿ ಮಾತಾಡಿದೆವು. ಅದರ ಸಾರ ಇಲ್ಲಿದೆ. ಸಂಖ್ಯೆ ಹಿಡಿದುಕೊಂಡು ವಾದ ಮಾಡುವ ಎಲ್ಲರಿಗೂ ಇದು ಬೇಕಾಗುತ್ತದೆ ಅಂತ ನನ್ನ ಅನಿಸಿಕೆ.

ಮೊದಲು ಹಿನ್ನೆಲೆ

ಗೇರಿಗೆ ಕಾಟ ಕೊಡುವ ಟೀ ಸೊಳ್ಳೆಯನ್ನು ಕೊಲ್ಲಲು ಕಾಸರಗೋಡಿನ ಸರಕಾರಿ ತೋಟಗಳ ಮೇಲೆ 20ಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗಡಿಯ ಈಚೆ ದಕ್ಷಿಣ ಕನ್ನಡದಲ್ಲೂ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ ಅದೇ ಆಯಿತು. ಪುತ್ತೂರಿನಿಂದ ಪಾಣಾಜೆ ದಾಟಿದರೆ ಸಿಗುವ ಪಡ್ರೆ ಗ್ರಾಮದಲ್ಲಿ ಪತ್ರಕರ್ತ ಶ್ರೀಪಡ್ರೆ, ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಮೊದಲಾದವರು ಏನೋ ಸರಿ ಇಲ್ಲ ಅಂತ ಗಮನಿಸಿ ಬರೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಲ್ಲಿನ ಶಾಲಾ ಹುಡುಗರ ಅಧ್ಯಯನ ಮಾಡಿತು. ಅದರ ಪ್ರಬಂಧ 2003ರಲ್ಲಿ ಅಂತಾರಾಷ್ಟ್ರೀಯ ಜರ್ನಲ್ ಒಂದರಲ್ಲಿ ಬಂತು. ವಾಟ್ಸಾಪ್ ಮಹಾಶಯರು ಹೇಳುತ್ತಿರುವುದು ಇದೇ ಅಧ್ಯಯನದ ಬಗ್ಗೆ.

ಅದರಲ್ಲಿ ಇದ್ದದ್ದು ಇಷ್ಟು. 10ರಿಂದ 19 ವರ್ಷದ ಹುಡುಗರು, ಸಿಂಪಡಣೆ ಆದ ಊರಿನಿಂದ 117, ಅಂಥ ಇತಿಹಾಸ ಇಲ್ಲದ ಕಡೆಯಿಂದ 90. ಒಂದೇ ಅಧ್ಯಯನ, ಆದರೆ ಒಳಗೆ ಕನಿಷ್ಠ ಮೂರು ಬೇರೆ ಬೇರೆ ಪ್ರಶ್ನೆ ಉಂಟು. ಒಂದೊಂದಕ್ಕೂ ಬೇರೆ ಟೆಸ್ಟ್.

"ಎಷ್ಟು?" ಅನ್ನುವ ಪ್ರಶ್ನೆ

ಮೊದಲನೆಯದು: ರಕ್ತದಲ್ಲಿ ವಿಷ ಎಷ್ಟಿದೆ? ಉತ್ತರ ಒಂದು ಅಳತೆ. ಸಿಂಪಡಣೆಯ ಊರಿನ 70 ಹುಡುಗರಲ್ಲಿ ಸರಾಸರಿ 7.47 ಪಿಪಿಬಿ, ಬೇರೆ ಕಡೆಯ 47 ಹುಡುಗರಲ್ಲಿ 1.37. ಪಿಪಿಬಿ ಅಂದರೆ ನೂರು ಕೋಟಿಯಲ್ಲಿ ಒಂದು ಪಾಲು. ಎರಡು ಗುಂಪಿನ ಸರಾಸರಿ ಹೋಲಿಸಬೇಕು ಅಂದರೆ ಎಲ್ಲರ ಕೈ ಹೋಗುವುದು ಟಿ-ಟೆಸ್ಟ್ ಕಡೆಗೆ.

ಸ್ವಲ್ಪ ನಿಲ್ಲಿ. ಪ್ರಬಂಧ ಕೊಟ್ಟ ಸ್ಟ್ಯಾಂಡರ್ಡ್ ಎರರ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಮೊದಲ ಗುಂಪಿನ ಸ್ಟ್ಯಾಂಡರ್ಡ್ ಡಿವಿಯೇಶನ್ ಸುಮಾರು 10, ಎರಡನೆಯದರದ್ದು ಸುಮಾರು 2.7. ಎರಡೂ ಅವುಗಳ ಸರಾಸರಿಗಿಂತ ದೊಡ್ಡವು. ರಕ್ತದಲ್ಲಿ ವಿಷ ಸೊನ್ನೆಗಿಂತ ಕೆಳಗೆ ಹೋಗಲಾರದು, ಅಲ್ವಾ? ಅಂದರೆ ಹೆಚ್ಚಿನ ಹುಡುಗರಲ್ಲಿ ಕಡಿಮೆ, ಕೆಲವರಲ್ಲಿ ತುಂಬಾ ಜಾಸ್ತಿ. ಇಂಥ ಓರೆ ಹಂಚಿಕೆಯಲ್ಲಿ ಸರಾಸರಿಯನ್ನು ನಾಲ್ಕೈದು ಮಂದಿ ಎಳೆದುಕೊಂಡು ಹೋಗುತ್ತಾರೆ. ಊರಿನ ಸರಾಸರಿ ಆದಾಯ ಲೆಕ್ಕ ಹಾಕುವಾಗ 50 ಎಕರೆ ಅಡಿಕೆ ತೋಟದವರೊಬ್ಬರು ಸೇರಿಕೊಂಡ ಹಾಗೆ. ಆಗ ಸಾಮಾನ್ಯ ಟಿ-ಟೆಸ್ಟ್ ಬದಲು ಎರಡು ಗುಂಪಿನ ಹರವು ಬೇರೆ ಬೇರೆ ಇರಬಹುದು ಅಂತ ಒಪ್ಪುವ ವೆಲ್ಚ್ ಟೆಸ್ಟ್, ಅಥವಾ ಅಳತೆ ಬಿಟ್ಟು ರ‍್ಯಾಂಕ್ ನೋಡುವ ಮ್ಯಾನ್-ವಿಟ್ನಿ ಟೆಸ್ಟ್ ಹಾಕಬೇಕು. ವೆಲ್ಚ್ ವಿಧಾನದಲ್ಲಿ ನಾನು ಲೆಕ್ಕ ಹಾಕಿ ನೋಡಿದೆ. ವ್ಯತ್ಯಾಸ ಗಟ್ಟಿಯಾಗಿಯೇ ನಿಲ್ಲುತ್ತದೆ. ಹಾಗಾಗಿ ಈ ಪ್ರಶ್ನೆಗೆ ಉತ್ತರ ಸ್ಪಷ್ಟ: ಆ ಊರಿನ ಹುಡುಗರ ಮೈಯಲ್ಲಿ ವಿಷ ಹೆಚ್ಚಿತ್ತು.

"ಹೌದೋ ಅಲ್ಲವೋ?" ಅನ್ನುವ ಪ್ರಶ್ನೆ

ಎರಡನೆಯದು ವಾಟ್ಸಾಪ್ ಪ್ರಶ್ನೆ. ವೃಷಣ ಸರಿಯಾಗಿ ಕೆಳಗೆ ಇಳಿಯದಿರುವುದಕ್ಕೆ ಸಂಬಂಧಿಸಿದ ಹುಟ್ಟುದೋಷ ಇದೆಯೋ ಇಲ್ಲವೋ? ಇಲ್ಲಿ ಸರಾಸರಿಯ ಮಾತೇ ಇಲ್ಲ. ಎಣಿಕೆ ಮಾತ್ರ. ಸಿಂಪಡಣೆಯ ಊರಿನಲ್ಲಿ 5.1 ಶೇಕಡಾ, ಅಂದರೆ 117ರಲ್ಲಿ 6. ಬೇರೆ ಕಡೆ 1.1 ಶೇಕಡಾ, ಅಂದರೆ 90ರಲ್ಲಿ 1.

ಎಣಿಕೆಗೆ ಸಾಮಾನ್ಯವಾಗಿ ಕೈ-ಸ್ಕ್ವೇರ್ ಟೆಸ್ಟ್. ಆದರೆ ಅದಕ್ಕೊಂದು ರೂಢಿಯ ಶರತ್ತು ಉಂಟು: ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ ಅಂತ ಭಾವಿಸಿದಾಗ ಪ್ರತಿ ಮನೆಯಲ್ಲಿ ಬರಬೇಕಾದ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇರಬಾರದು. ಇಲ್ಲಿ ಒಟ್ಟು ದೋಷ ಇದ್ದವರೇ 7. ಹಂಚಿದರೆ ಒಂದು ಕಡೆ 4, ಇನ್ನೊಂದು ಕಡೆ 3. ಹಾಗಾಗಿ ಸಣ್ಣ ಎಣಿಕೆಗೆಂದೇ ಇರುವ ಫಿಶರ್ ಎಕ್ಸಾಕ್ಟ್ ಟೆಸ್ಟ್ ಬೇಕು. ನಾನು ಹಾಕಿದೆ. ಪಿ-ವ್ಯಾಲ್ಯೂ ಸುಮಾರು 0.14 ಬಂತು. ಸಿಂಪಡಣೆಗೂ ದೋಷಕ್ಕೂ ಸಂಬಂಧವೇ ಇಲ್ಲದಿದ್ದರೂ, ಬರೀ ಅದೃಷ್ಟದಿಂದ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ 100ರಲ್ಲಿ 14 ಸಲ ಕಾಣಿಸಬಹುದು ಅಂತ ಅದರ ಅರ್ಥ. ರೂಢಿಯ ಗೆರೆ 0.05. ದಾಟಲಿಲ್ಲ. ಪ್ರಬಂಧವೂ ಇದು ಸಂಖ್ಯಾಶಾಸ್ತ್ರದ ಪ್ರಕಾರ ಮಹತ್ವದ ವ್ಯತ್ಯಾಸ ಅಲ್ಲ ಅಂತಲೇ ಬರೆದಿದೆ.

ಹಾಗಾದರೆ ಫಾರ್ವರ್ಡ್ ಮಾಡಿದವರು ಹೇಳಿದ್ದು ಸರಿಯಾ? ಅಲ್ಲ. "ವ್ಯತ್ಯಾಸ ಸಾಬೀತಾಗಿಲ್ಲ" ಅನ್ನುವುದನ್ನು ಅವರು "ವ್ಯತ್ಯಾಸ ಇಲ್ಲ" ಅಂತ ಮಾಡಿಕೊಂಡಿದ್ದಾರೆ. ಮಬ್ಬು ಟಾರ್ಚ್ ಹಿಡಿದು ತೋಟಕ್ಕೆ ಹೋಗಿ ಹಾವು ಕಾಣಲಿಲ್ಲ ಅಂದರೆ ಹಾವು ಇಲ್ಲ ಅಂತಲಾ? ಇದೇ ಅಂಕಿಗಳಿಂದ ಆಡ್ಸ್ ಅನುಪಾತದ ಅಂದಾಜು ವ್ಯಾಪ್ತಿ ತೆಗೆದರೆ ಅದು ಸುಮಾರು ಅರ್ಧ ಪಟ್ಟಿನಿಂದ 40 ಪಟ್ಟಿನವರೆಗೆ ಹಬ್ಬಿದೆ. ಅಂದರೆ ಈ ಡೇಟಾ ಅಪಾಯ ಇಲ್ಲ ಅಂತಲೂ ಹೇಳುವುದಿಲ್ಲ, ಭಾರೀ ಇದೆ ಅಂತಲೂ ಹೇಳುವುದಿಲ್ಲ. 5 ಶೇಕಡಾಕ್ಕೂ 1 ಶೇಕಡಾಕ್ಕೂ ಇರುವ ಅಂತರ ನಿಜವೇ ಆಗಿದ್ದರೆ, ಅದನ್ನು 80 ಶೇಕಡಾ ಭರವಸೆಯಿಂದ ಹಿಡಿಯಲು ಗುಂಪಿಗೆ ಕನಿಷ್ಠ 300 ಹುಡುಗರಾದರೂ ಬೇಕಿತ್ತು. ಇದ್ದದ್ದು 117 ಮತ್ತು 90. ಮಾದರಿ ಸಣ್ಣದು, ಹಲವರು ಭಾಗವಹಿಸಲಿಲ್ಲ ಅಂತ ಸಂಶೋಧಕರೇ ಒಪ್ಪಿಕೊಂಡಿದ್ದಾರೆ. ಆ ಸಾಲು ಮಾತ್ರ ಫಾರ್ವರ್ಡ್ ಆಗುವುದಿಲ್ಲ.

"ಬೇರೆ ಕಾರಣ ಇರಬಹುದಲ್ಲ?" ಅನ್ನುವ ಪ್ರಶ್ನೆ

ಮೂರನೆಯದು: ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿದೆಯಾ? ಇಲ್ಲಿ 12 ವರ್ಷದವನನ್ನೂ 17 ವರ್ಷದವನನ್ನೂ ಒಟ್ಟಿಗೆ ಹಾಕಿ ಹೋಲಿಸಿದರೆ ಅದು ವಿಷದ ಲೆಕ್ಕ ಆಗುವುದಿಲ್ಲ, ವಯಸ್ಸಿನ ಲೆಕ್ಕ ಆಗುತ್ತದೆ. ಆದ್ದರಿಂದ ಅವರು ಬಳಸಿದ್ದು ಮಲ್ಟಿಪಲ್ ರಿಗ್ರೆಶನ್. ಅಂದರೆ ಒಂದೇ ವಯಸ್ಸಿನ ಹುಡುಗರನ್ನು ಹೋಲಿಸಿದ ಹಾಗೆ ವಯಸ್ಸಿನ ಪಾಲನ್ನು ಬದಿಗಿಟ್ಟು ಸಿಂಪಡಣೆಯ ಪಾಲನ್ನು ನೋಡುವುದು. ಅಲ್ಲಿ ಸಿಕ್ಕ ಉತ್ತರ: ವಯಸ್ಸು ಹೆಚ್ಚಿದ ಹಾಗೆ ಬೆಳವಣಿಗೆ ಹೆಚ್ಚು, ಸಿಂಪಡಣೆಗೆ ಒಡ್ಡಿಕೊಂಡವರಲ್ಲಿ ಕಡಿಮೆ. ಟೆಸ್ಟೊಸ್ಟೆರಾನ್ ಮಟ್ಟದಲ್ಲೂ ಹಾಗೆಯೇ. ಈ ಫಲಿತಾಂಶ 0.01ರ ಗೆರೆಯನ್ನೂ ದಾಟಿತ್ತು.

ಒಂದೇ ಅಧ್ಯಯನ, ಒಂದು ಪ್ರಶ್ನೆಗೆ "ಗೊತ್ತಾಗಲಿಲ್ಲ", ಎರಡು ಪ್ರಶ್ನೆಗೆ "ಹೌದು". ಯಾವುದನ್ನು ಎತ್ತಿ ಹೇಳುತ್ತೀರಿ ಅನ್ನುವುದು ರಾಜಕೀಯ.

ಈಗ ನಮ್ಮ ಮೂರು ತಾಲೂಕು

ವಿದ್ಯಾರ್ಥಿನಿಯ 34 ಕಾಲಂಗೆ ವಾಪಸ್ ಬರೋಣ. ಪುತ್ತೂರು, ಸುಳ್ಯ, ಕಡಬ ಮೂರನ್ನೂ ಹೋಲಿಸಬೇಕು ಅಂದಳು. ಎರಡೆರಡು ಮಾಡಿ ಮೂರು ಸಲ ಟಿ-ಟೆಸ್ಟ್ ಹಾಕುವುದು ಅವಳ ಐಡಿಯಾ. ಬೇಡ ಅಂದೆ. ಪ್ರತಿ ಸಲ 5 ಶೇಕಡಾ ತಪ್ಪಿನ ಅವಕಾಶ ಇದ್ದರೆ ಮೂರು ಸಲಕ್ಕೆ ಅದು ಸುಮಾರು 14 ಆಗುತ್ತದೆ. ಅಳತೆಯಾದರೆ ಮೂರು ಗುಂಪನ್ನೂ ಒಟ್ಟಿಗೆ ನೋಡುವ ಅನೋವಾ, ಹಂಚಿಕೆ ಓರೆಯಾಗಿದ್ದರೆ ಕ್ರಸ್ಕಲ್-ವಾಲಿಸ್, ಎಣಿಕೆಯಾದರೆ ಕೈ-ಸ್ಕ್ವೇರ್. ಅವಳ ಪಟ್ಟಿಯಲ್ಲಿ 20 ಕಾಯಿಲೆಗಳೂ ಇದ್ದವು. ಒಂದಕ್ಕೂ ಎಂಡೋಸಲ್ಫಾನಿಗೆ ಸಂಬಂಧ ಇಲ್ಲದಿದ್ದರೂ, ಅವು ಒಂದಕ್ಕೊಂದು ಸಂಬಂಧ ಇಲ್ಲದ ಕಾಯಿಲೆಗಳಾದರೆ, 20 ಟೆಸ್ಟ್ ಹಾಕಿದಾಗ ಕನಿಷ್ಠ ಒಂದರಲ್ಲಿ "ಮಹತ್ವದ ವ್ಯತ್ಯಾಸ" ಬರುವ ಸಾಧ್ಯತೆ 64 ಶೇಕಡಾ. ಅಂಥ ಫಲಿತಾಂಶ ಹಿಡಿದುಕೊಂಡು ಪ್ರೆಸ್‌ಮೀಟ್ ಮಾಡಿದರೆ ಎದುರಿನವರು ಐದು ನಿಮಿಷದಲ್ಲಿ ಹರಿದು ಹಾಕುತ್ತಾರೆ. ಆಗ ನಷ್ಟ ಅವಳಿಗಲ್ಲ, ಹಾಸಿಗೆಯಲ್ಲಿರುವ ಆ ಹುಡುಗನಿಗೆ.

ಇನ್ನೊಂದು ಸಿಕ್ಕು ಈ ಊರಿನದೇ. ಕಡಬ ಹೊಸ ತಾಲೂಕು. ಪುತ್ತೂರು ಮತ್ತು ಸುಳ್ಯದ ಹಳ್ಳಿಗಳನ್ನು ಬಿಡಿಸಿ ಮಾಡಿದ್ದು. ಹಳೇ ದಾಖಲೆಯ "ಪುತ್ತೂರು ತಾಲೂಕು" ಮತ್ತು ಇವತ್ತಿನ ಪುತ್ತೂರು ಒಂದೇ ಅಲ್ಲ. ಎಂಡೋ ಪೀಡಿತರ ಪಾಲನಾ ಕೇಂದ್ರ ಇರುವ ಕೊಯಿಲವನ್ನೇ ನೋಡಿ, ಮೊದಲು ಪುತ್ತೂರಿನ ಲೆಕ್ಕದಲ್ಲಿತ್ತು, ಈಗ ಕಡಬದಲ್ಲಿ. ಹಳೇ ಪಟ್ಟಿ, ಹೊಸ ಪಟ್ಟಿ ಎದುರು ಬದುರು ಇಟ್ಟು "ಪುತ್ತೂರಿನಲ್ಲಿ ಪೀಡಿತರ ಸಂಖ್ಯೆ ಇಳಿದಿದೆ" ಅಂದರೆ, ಇಳಿದದ್ದು ಕಾಯಿಲೆಯಲ್ಲ, ಗಡಿಗೆರೆ. ವಿಷಕ್ಕೆ ತಾಲೂಕು ಗೊತ್ತಿಲ್ಲ. ಹಾಗಾಗಿ ತಾಲೂಕಿನ ಬದಲು ತೋಟದಿಂದ ಮನೆಗೆ ಇರುವ ದೂರ ಬರೆದುಕೋ ಅಂದೆ. ಹತ್ತಿರ ಹೋದಷ್ಟೂ ತೊಂದರೆ ಹೆಚ್ಚುತ್ತದಾ ಅನ್ನುವುದು ಒಳ್ಳೆಯ ಪ್ರಶ್ನೆ. ದೂರ ಮತ್ತು ತೊಂದರೆಯ ತೀವ್ರತೆ ಎರಡನ್ನೂ ಕ್ರಮದಲ್ಲಿ ಜೋಡಿಸಬಹುದಾದರೆ ಸ್ಪಿಯರ್‌ಮನ್ ಸಹಸಂಬಂಧ ಸಾಕಾಗುತ್ತದೆ. ಅದೇ ಮಂದಿಯನ್ನು ಮೊದಲು ಮತ್ತು ನಂತರ ಎರಡು ಸಲ ಕೇಳುವುದಾದರೆ ಅದು ಜೋಡಿ ಡೇಟಾ. ಅಳತೆಗೆ ಪೇರ್ಡ್ ಟಿ-ಟೆಸ್ಟ್, ಹೌದು-ಅಲ್ಲಕ್ಕೆ ಮೆಕ್ನೆಮಾರ್.

ಯಾವ ಟೆಸ್ಟಿಗೂ ಸರಿ ಮಾಡಲಾಗದ್ದು

ಎರಡು ವಿಷಯ ಉಂಟು. ಮೊದಲನೆಯದು, ಯಾರನ್ನು ಎಣಿಸಿದಿರಿ ಅನ್ನುವುದು. ಕಾಯಿಲೆಯವರ ಮನೆಗಳಿಗೆ ಮಾತ್ರ ಹೋದರೆ ಸಿಗುವುದು ಪಟ್ಟಿ, ಅಧ್ಯಯನ ಅಲ್ಲ. ಪಿಂಚಣಿ ಕೊಡಲು ಪಟ್ಟಿ ಬೇಕೇ ಬೇಕು, ಆದರೆ ಕಾರಣ ತಿಳಿಯಲು ಆರೋಗ್ಯವಂತರೂ, ದೂರದ ಊರೂ ಲೆಕ್ಕಕ್ಕೆ ಬರಬೇಕು. ಮತ್ತೆ, ತೊಂದರೆ ಕಾಣಿಸಿದ ಊರನ್ನೇ ಆರಿಸಿಕೊಂಡು ಅಲ್ಲೇ ಪರೀಕ್ಷೆ ಮಾಡಿದರೆ ಫಲಿತಾಂಶ ಆ ಕಡೆಗೆ ವಾಲಿರಬಹುದು ಅನ್ನುವ ಟೀಕೆಗೂ ಅರ್ಥ ಇದೆ. ಪಡ್ರೆಯ ಅಧ್ಯಯನಕ್ಕೂ ಆ ಮಿತಿ ಇದೆ. 200 ಮಕ್ಕಳಿದ್ದರೂ ಹೋಲಿಸಿದ್ದು ಬೆರಳೆಣಿಕೆಯ ಊರುಗಳನ್ನು. ಒಂದೇ ಊರಿನ ಮಕ್ಕಳು ಒಂದೇ ನೀರು ಕುಡಿಯುತ್ತಾರೆ, ಒಬ್ಬೊಬ್ಬರೂ ಹೊಸ ಸಾಕ್ಷಿ ಆಗುವುದಿಲ್ಲ. ನಮ್ಮ ಪರವಾಗಿ ಬಂದ ಲೆಕ್ಕವನ್ನೂ ಹೀಗೇ ಪ್ರಶ್ನಿಸಬೇಕು.

ಎರಡನೆಯದು, ಪಕ್ಕದ ಮನೆಯ ಹುಡುಗ. ಯಾವ ಟೆಸ್ಟೂ ಅವನೊಬ್ಬನ ಕಾಯಿಲೆ ಎಂಡೋಸಲ್ಫಾನಿಂದಲೇ ಬಂತು ಅಂತ ಹೇಳಲಾರದು. ಅಲ್ಲ ಅಂತಲೂ ಹೇಳಲಾರದು. ಟೆಸ್ಟ್ ಮಾತಾಡುವುದು ಗುಂಪಿನ ಬಗ್ಗೆ. ಅವನಿಗೆ ಮಾಸಾಶನ, ಔಷಧ, ಫಿಸಿಯೋಥೆರಪಿ ಕೊಡಬೇಕಾ ಅನ್ನುವುದು ನೀತಿಯ ಪ್ರಶ್ನೆ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ಉತ್ಪಾದನೆ, ಮಾರಾಟ, ಬಳಕೆಗೆ ದೇಶವಿಡೀ ಮಧ್ಯಂತರ ತಡೆ ಕೊಟ್ಟಾಗ ಪಿ-ವ್ಯಾಲ್ಯೂ 0.05 ದಾಟಲಿ ಅಂತ ಕಾಯಲಿಲ್ಲ. ಸಂವಿಧಾನದ 21ನೇ ವಿಧಿ ಮತ್ತು ಮುನ್ನೆಚ್ಚರಿಕೆಯ ತತ್ವವನ್ನು ಮುಂದಿಟ್ಟಿತು. ಅದಕ್ಕೆ ಎರಡು ವಾರ ಮೊದಲಷ್ಟೇ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳೂ ಇದನ್ನು ಜಗತ್ತಿನಿಂದಲೇ ತೆಗೆದುಹಾಕಬೇಕಾದ ವಿಷಗಳ ಪಟ್ಟಿಗೆ ಸೇರಿಸಲು ಒಪ್ಪಿದ್ದವು.

ಮೊನ್ನೆ ಅವಳು ಹೊಸ ಫೈಲ್ ಕಳಿಸಿದಳು. ಕಾಲಂ 34 ಇದ್ದದ್ದು 9ಕ್ಕೆ ಇಳಿದಿದೆ. ಮೇಲೆ ಒಂದು ವಾಕ್ಯ: "ಗೇರು ತೋಟದಿಂದ ದೂರ ಹೋದ ಹಾಗೆ, ಒಂದೇ ವಯಸ್ಸಿನವರಲ್ಲಿ, ಅಂಗವೈಕಲ್ಯದ ಪ್ರಮಾಣ ಬದಲಾಗುತ್ತದೆಯೇ?" ಯಾವ ಟೆಸ್ಟ್ ಅಂತ ಈ ಸಲ ಕೇಳಿರಲಿಲ್ಲ. ಕೇಳಿದ್ದು ಬೇರೆ: ದೂರದ ಊರು ಅಂತ ಯಾವುದನ್ನು ಆರಿಸಲಿ, ಅಲ್ಲಿಯ ಮನೆಗಳನ್ನು ಚೀಟಿ ಎತ್ತಿ ಆರಿಸಬೇಕಾ ಅಂತ. ವಾಟ್ಸಾಪ್ ಗ್ರೂಪಿಗೆ ಏನು ಉತ್ತರ ಹಾಕಿದೆ ಅಂದೆ. "6 ಮತ್ತು 1 ಅಂತ ಬರೆದೆ. ಆಮೇಲೆ 117 ಮತ್ತು 90 ಅಂತ ಬರೆದೆ. ಯಾರೂ ಏನೂ ಹೇಳಲಿಲ್ಲ."