ಹಳೆಯ ಕ್ರಮವಿಧಿ, ಹೊಸ ಯಂತ್ರ

ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯ ಒಂದು ಕಚೇರಿಯಲ್ಲಿ 1998ರಲ್ಲಿ ನಾನು ಮಾಡುತ್ತಿದ್ದ ಕೆಲಸವನ್ನು ಮನೆಯವರಿಗೆ ವಿವರಿಸಲು ಹೋಗಿ ಸೋತಿದ್ದೆ. "ಗಣಕವೆಂದರೆ ನಾಳಿನ ವಸ್ತು ಅಂತಾರೆ. ನೀನು ನೋಡಿದರೆ ಮೂವತ್ತು ವರ್ಷದ ಹಿಂದಿನದನ್ನು ಓದುತ್ತ ಕೂತಿದ್ದೀಯಲ್ಲ" ಎಂದು ತಂದೆಯವರು ಕೇಳುತ್ತಿದ್ದರು. ಅವರಿಗೆ ಅಂದು ಹೇಳಲಾಗದೆ ಉಳಿದದ್ದನ್ನು ಇಂದು ಕೇಳುಗರ ಮುಂದಿಡುತ್ತಿದ್ದೇನೆ.

ಐಬಿಎಂ 1401 ಎಂಬ ಯಂತ್ರ 1959ರಲ್ಲಿ ಪ್ರಕಟವಾಯಿತು. ಹತ್ತು ಸಾವಿರಕ್ಕೂ ಹೆಚ್ಚು ಯಂತ್ರಗಳು ತಯಾರಾಗಿ ಸಂಬಳ, ವಿಮೆ, ಬ್ಯಾಂಕುಗಳ ಲೆಕ್ಕವನ್ನೆಲ್ಲ ಹೊತ್ತವು. ಅದರ ಸ್ಮೃತಿಕೋಶದಲ್ಲಿ ಹಿಡಿಯುತ್ತಿದ್ದುದು ಹೆಚ್ಚೆಂದರೆ 16,000 ಅಕ್ಷರ. ಕೂಡು ಎಂಬ ಆಜ್ಞೆಗೆ 'ಎ' ಎಂಬ ಒಂದೇ ಅಕ್ಷರ. ಅದರ ಬೆನ್ನಿಗೆ ಮೂರು ಮೂರು ಅಕ್ಷರಗಳ ಎರಡು ವಿಳಾಸ. 1964ರ ಏಪ್ರಿಲ್ 7ರಂದು ಅದೇ ಸಂಸ್ಥೆ ಸಿಸ್ಟಮ್ 360 ಎಂಬ ಹೊಸ ಕುಟುಂಬವನ್ನು ಪ್ರಕಟಿಸಿತು. ಅದರ ಆಜ್ಞೆಗಳೇ ಬೇರೆ, ಅಂಕಿಗಳನ್ನು ಇಟ್ಟುಕೊಳ್ಳುವ ರೀತಿಯೇ ಬೇರೆ. ಹಳೆಯ ಗಿರಾಕಿಯ ಕಾರ್ಡುಗಳ ಕಟ್ಟು ಅದಕ್ಕೆ ಅರ್ಥವಾಗದು. ಹನಿವೆಲ್ ಸಂಸ್ಥೆಯಾದರೋ 1401ರ ಕ್ರಮವಿಧಿಗಳನ್ನು ಒಪ್ಪಿಕೊಳ್ಳುವ ತನ್ನ 200 ಎಂಬ ಯಂತ್ರವನ್ನು 1963ರ ಡಿಸೆಂಬರಿನಲ್ಲೇ ಮುಂದಿಟ್ಟಿತ್ತು. ಗಿರಾಕಿ ಕೈತಪ್ಪಿಹೋಗುವ ಭಯವೂ ಈ ವಿದ್ಯೆಯ ತಾಯಿಯೆನ್ನಬೇಕು.

ಉತ್ತರ ಕರ್ನಾಟಕದ ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿಯ ಕಾಗದಗಳಿವೆ. ಅವುಗಳಿಂದ ಕೆಲಸ ತೆಗೆಯಲು ಎರಡು ದಾರಿ. ಇಡೀ ಕಾಗದವನ್ನು ಒಮ್ಮೆ ಕನ್ನಡಕ್ಕೆ ಬರೆದಿಟ್ಟುಕೊಳ್ಳಬಹುದು. ಇಲ್ಲವೇ ಮೋಡಿ ಬಲ್ಲವರನ್ನು ಬದಿಗೆ ಕೂರಿಸಿಕೊಂಡು ಪ್ರತಿಸಲವೂ ಸಾಲುಸಾಲಾಗಿ ಓದಿಸಬಹುದು. ಎಮ್ಯುಲೇಷನ್ ಎಂಬುದು ಈ ಎರಡನೆಯ ದಾರಿ. ಇದರಲ್ಲಿ ಶ್ರಮ ಹೆಚ್ಚು. ಆದರೂ ಅದನ್ನೇ ಆರಿಸಲು ಬಲವಾದ ಕಾರಣವಿತ್ತು. 1401ರಲ್ಲಿ ಒಂದು ಉಪಕಾರ್ಯ ಮುಗಿದ ಮೇಲೆ ಎಲ್ಲಿಗೆ ಮರಳಬೇಕೆಂಬುದನ್ನು ಕ್ರಮವಿಧಿ ತನ್ನದೇ ಆಜ್ಞೆಯೊಂದರ ವಿಳಾಸವನ್ನು ತಿದ್ದಿ ಗುರುತಿಟ್ಟುಕೊಳ್ಳುತ್ತಿತ್ತು. ಓಡುತ್ತಿರುವಾಗಲೇ ತನ್ನನ್ನು ತಾನು ತಿದ್ದಿಕೊಳ್ಳುವ ಕಾಗದವದು. ಮೊದಲೇ ಮಾಡಿಟ್ಟ ನಕಲು ಆಗ ಸುಳ್ಳಾಗುತ್ತದೆ. ಬದಿಯಲ್ಲಿ ಕೂತು ಆ ಕ್ಷಣದಲ್ಲಿ ಇದ್ದುದನ್ನೇ ಓದುವವನು ತಪ್ಪುವುದಿಲ್ಲ.

ಆದರೆ ಹೀಗೆ ಓದಿಸಲು ಸಾಮಾನ್ಯ ಕ್ರಮವಿಧಿಯೊಂದನ್ನು ನೇಮಿಸಿದರೆ ಒಂದು ಹಳೆಯ ಆಜ್ಞೆಗೆ ಹತ್ತಾರು ಹೊಸ ಆಜ್ಞೆಗಳು ಖರ್ಚಾಗುತ್ತವೆ. 360ರ ಮಾದರಿ 30ರಂಥ ಯಂತ್ರಗಳಲ್ಲಿ ಪ್ರತಿ ಆಜ್ಞೆಯನ್ನೂ ನಡೆಸುತ್ತಿದ್ದುದು ಮೈಕ್ರೋಕೋಡ್ ಎಂಬ ಒಳಗಿನ ಸೂಕ್ಷ್ಮ ಕ್ರಮ. ಎಂಜಿನಿಯರುಗಳು 1401ರ ಆಜ್ಞೆಗಳ ಪರಿಚಯವನ್ನೂ ಅಲ್ಲಿಯೇ ಇಟ್ಟರು. ಹಳೆಯ ಕೆಲಸ ಹಳೆಯ ಯಂತ್ರಕ್ಕಿಂತ ಬೇಗ ಮುಗಿಯತೊಡಗಿತು. (ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರಲ್ಲಿ ಆರಂಭವಾದ ಗಣಕ ಕೇಂದ್ರದ ಮಾದರಿ 44 ಇದೇ ಕುಟುಂಬದ್ದು. ವಿಜ್ಞಾನದ ಲೆಕ್ಕಗಳಿಗೆ ವೇಗ ಬೇಕೆಂದು ಅದರಲ್ಲಿ ಮೈಕ್ರೋಕೋಡನ್ನೇ ಕೈಬಿಟ್ಟು, ಎಲ್ಲವನ್ನೂ ತಂತಿಗಳಲ್ಲಿ ಕಟ್ಟಿದ್ದರು.)

ಯಂತ್ರ ಹೋಗಿ ಯಂತ್ರ ಬಂತು. 1401ರ ಕ್ರಮವಿಧಿ ಮಾತ್ರ ಒಂದರೊಳಗಿಂದ ಇನ್ನೊಂದಕ್ಕೆ ದಾಟುತ್ತ ಉಳಿಯಿತು. ನಡೆಯುತ್ತಿರುವುದನ್ನು ಯಾರೂ ತೆರೆದು ನೋಡಲಿಲ್ಲ. ನನ್ನ ಮೇಜಿಗೆ ಬಂದದ್ದು ಹೊರದೇಶದ ವಿಮಾ ಸಂಸ್ಥೆಯೊಂದರ ಪಿಂಚಣಿ ಲೆಕ್ಕ. ಬರೆದವರು ನಿವೃತ್ತರಾಗಿದ್ದರು, ಮೂಲ ಬರಹ ಕಳೆದುಹೋಗಿತ್ತು, ಯಂತ್ರಾಜ್ಞೆಗಳಷ್ಟೇ ಉಳಿದಿದ್ದವು. ಸ್ಥಳ ಉಳಿಸಲು ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿದ್ದರು. 99ರ ಮುಂದೆ 00 ಬಂದರೆ ಎಮ್ಯುಲೇಟರು ಏನು ಮಾಡೀತು? ಮೂಲ ಯಂತ್ರ ಮಾಡುತ್ತಿದ್ದ ತಪ್ಪನ್ನೇ ನಿಷ್ಠೆಯಿಂದ ಮಾಡುತ್ತದೆ. ಅದರ ಗುಣವೇ ಅದು.

ಆರು ತಿಂಗಳು ಕೂತು ಅಕ್ಷರ ಅಕ್ಷರ ಬಿಡಿಸಿ ಹೊಸದಾಗಿ ಬರೆದೆವು. ಎರಡನ್ನೂ ಜೊತೆಯಲ್ಲಿ ಓಡಿಸಿದಾಗ ಮೊತ್ತಗಳು ಕೂಡಲಿಲ್ಲ. ಹೆಚ್ಚಲ್ಲ, ಒಬ್ಬೊಬ್ಬ ಪಿಂಚಣಿದಾರರಿಗೆ ತಿಂಗಳಿಗೆ ಒಂದು ಸೆಂಟ್. ವಾರಗಟ್ಟಲೆ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಅರ್ಧಕ್ಕಿಂತ ಮೇಲಿದ್ದರೆ ಮುಂದಿನ ಅಂಕಿಗೆ ಏರಿಸುವುದು ನಮ್ಮ ವಾಡಿಕೆ. ಹಳೆಯ ಕ್ರಮವಿಧಿ ಉಳಿದ ಚೂರನ್ನು ಕತ್ತರಿಸಿ ಎಸೆಯುತ್ತಿತ್ತು. ಅದು ಬರೆದವರ ಮರೆವೋ, ಒಪ್ಪಂದದ ಷರತ್ತೋ ಎಂಬುದನ್ನು ಹೇಳಬಲ್ಲವರು ಆ ಕಚೇರಿಯಲ್ಲಿ ಉಳಿದಿರಲಿಲ್ಲ. ಏರಿಸಿದರೆ ಹಿಂದಿನ ಮೂವತ್ತು ವರ್ಷಗಳ ಬಾಕಿ ಕೇಳಿಯಾರೆಂದು ಅವರು ಅಂಜಿದರು. ಹಳೆಯದರಂತೆಯೇ ಕತ್ತರಿಸಿ ಎಂದು ಒಂದು ಸಾಲಿನ ಉತ್ತರ ಬಂತು. ಕತ್ತರಿಸುವ ಆ ಆಜ್ಞೆಯನ್ನು ಹೊಸ ಕ್ರಮವಿಧಿಯಲ್ಲಿ ನಾನೇ ಬರೆದೆ.