ಟ್ರ್ಯಾಕ್ಟರಿಗೆ ಜ್ವರ ಬಂದ ದಿನ

ಪುನರ್ವಸು ಮಳೆ ಎರಡು ದಿನ ಚೆನ್ನಾಗಿ ಹೊಡೆದು ನಿಂತಿತ್ತು. ಶಿರಾ ಕಡೆಯ ನಮ್ಮ ಕೆಂಪು ಮಣ್ಣಿನಲ್ಲಿ ಹದ ಹೆಚ್ಚು ದಿನ ಕಾಯುವುದಿಲ್ಲ. ಎರಡು ಮೂರು ಬಿಸಿಲು ಬಿದ್ದರೆ ಮೇಲ್ಮಣ್ಣು ಆರಿ, ರಾಗಿ ಮೊಳೆಯುವುದೇ ಅನುಮಾನ. ಊರಿನವರೆಲ್ಲ ಹೊಲಕ್ಕಿಳಿದಿದ್ದರು. ನಮ್ಮ ಮನೆಯಲ್ಲಿ ಮಾತ್ರ ಟ್ರ್ಯಾಕ್ಟರ್ ಓಡಿಸುವ ಮಾವನವರಿಗೆ ನಾಲ್ಕು ದಿನದ ಹಿಂದಷ್ಟೇ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಬಗ್ಗಬಾರದು, ಭಾರ ಎತ್ತಬಾರದು, ಧೂಳಿಗಂತೂ ಹೋಗಲೇಬಾರದು. ಇನ್ನೊಂದು ಕಣ್ಣಿನಲ್ಲಿ ಪೊರೆ ಇನ್ನೂ ಹಾಗೇ ಇತ್ತು. ನಮ್ಮ ಯಜಮಾನರು ಲಾರಿ ತೆಗೆದುಕೊಂಡು ಮಹಾರಾಷ್ಟ್ರಕ್ಕೆ ಹೋಗಿದ್ದರು. ಉಳಿದವಳು ನಾನು.

ಓಡಿಸಲು ನನಗೆ ಬರುತ್ತಿತ್ತು. ಎರಡು ವರ್ಷದಿಂದ ಅಷ್ಟಿಷ್ಟು ಉಳುಮೆ ಮಾಡಿದ್ದೆ. ಆದರೆ ಬಾನೆಟ್ಟಿನ ಒಳಗೆ ಏನಿದೆ ಎಂದು ಕೇಳಿದ್ದರೆ, ‘ಎಂಜಿನ್’ ಎನ್ನುವುದರಾಚೆ ಉತ್ತರವಿರಲಿಲ್ಲ.

ಹನ್ನೊಂದು ಗಂಟೆಗೆ ಅರ್ಧ ಹೊಲ ಮುಗಿದಿತ್ತು. ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿದ್ದನ್ನು ನೋಡಿದೆ. ಸುಳ್ಳೇಕೆ ಹೇಳಲಿ, ಮೀಟರೇ ಕೆಟ್ಟಿರಬೇಕು ಅಂದುಕೊಂಡು ಇನ್ನೊಂದು ಸಾಲು ಹೊಡೆದೆ. ಸಾಲಿನ ತುದಿಯಲ್ಲಿ ಬಾನೆಟ್ಟಿನ ಸಂದಿನಿಂದ ಬಿಳಿ ಹಬೆ ಎದ್ದಿತು. ಗಾಬರಿಯಲ್ಲಿ ಎಂಜಿನ್ ನಿಲ್ಲಿಸಿ ಕೆಳಗೆ ಹಾರಿದೆ. ಬಾನೆಟ್ ಎತ್ತಿ, ಗೋಣಿಚೀಲ ಮಡಚಿ ಹಿಡಿದು, ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೋದೆ.

“ಮುಚ್ಚಳ ಮುಟ್ಟಬ್ಯಾಡ!”

ಡಾಕ್ಟರ ಮಾತು ಮೀರಿ ಮಾವ ಹುಣಸೆಮರದ ಕೆಳಗೆ ಬಂದು ಕುಳಿತಿದ್ದರು. ಕಪ್ಪು ಕನ್ನಡಕ, ತಲೆ ಮೇಲೆ ಟವೆಲ್ಲು. ಅವರಿಗೆ ನಾನು ಕಂಡಿರಲಿಕ್ಕಿಲ್ಲ. ಎಂಜಿನ್ ನಿಂತು ಬಾನೆಟ್ ಎತ್ತಿದ ಸದ್ದಿನಲ್ಲೇ ನನ್ನ ಕೈ ಎಲ್ಲಿಗೆ ಹೋಗುತ್ತದೆ ಎಂದು ಊಹಿಸಿದ್ದರು. ನನ್ನ ಹತ್ತು ವರ್ಷದ ಮಗ ಅವರ ಕೈ ಹಿಡಿದು ಟ್ರ್ಯಾಕ್ಟರ್ ಹತ್ತಿರ ಕರೆತಂದ.

“ಕುಕ್ಕರ್ ಕೂಗ್ತಿರೋವಾಗ ಮುಚ್ಚಳ ತೆಗೀತೀಯೇನಮ್ಮ? ಇದೂ ಹಂಗೇ. ಒಳಗೆ ಒತ್ತಡ ಇರ್ತದೆ. ನೀರು ನೂರು ಡಿಗ್ರಿ ದಾಟಿದ್ರೂ ಕುದೀದೇ ತಡ್ಕಂಡಿರ್ತದೆ. ಮುಚ್ಚಳ ಸಡಿಲ ಆಯ್ತೋ, ಒಂದೇ ಸಲಕ್ಕೆ ಕುದ್ದು ಮುಖಕ್ಕೆ ಬರ್ತದೆ” ಎಂದು ಬಲಗೈ ತೋಳು ಮಡಚಿ ತೋರಿಸಿದರು. ಮೊಳಕೈಯಿಂದ ಮಣಿಕಟ್ಟಿನವರೆಗೆ ಸುಕ್ಕುಗಟ್ಟಿದ ಚರ್ಮ. ಅದು ಕರಡಿ ಪರಚಿದ್ದೆಂದು ಮೊಮ್ಮಗನಿಗೆ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದರು. ಮಗನಿಗೆ ನಿರಾಸೆಯಾದದ್ದು ಮುಖದಲ್ಲೇ ಕಂಡಿತು.

ಪೇಟೆಯ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ನಾಳಿದ್ದು ಬರುತ್ತಾನಂತೆ, ಎಂಜಿನ್ ಬಿಚ್ಚಬೇಕಾಗಬಹುದಂತೆ. ನಾಳಿದ್ದಿಗೆ ಹದ ಎಲ್ಲಿರುತ್ತದೆ?

“ಅವನು ಬರಲಿ ಬಿಡು. ನೀನು ನೋಡು, ಏನು ಕಾಣ್ತದೋ ಹೇಳು. ಅನ್ನಿಸಿದ್ದು ಬ್ಯಾಡ, ಕಂಡಿದ್ದು ಹೇಳು” ಎಂದರು ಮಾವ.

ಮೊದಲು ಆಯಿಲ್ ಕಡ್ಡಿ ಎಳೆಯಲು ಹೇಳಿದರು. “ಹಾಲು ಹಾಕಿದ ಕಾಫಿ ಬಣ್ಣ ಐತಾ?” ಹಾಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಆಯಿಲ್ಲಿಗೆ ಸೇರಿದೆ ಎಂದರ್ಥ. ಆ ರಿಪೇರಿಯ ಖರ್ಚಿನಲ್ಲಿ ಈ ಹೊಲದ ರಾಗಿಯೆಲ್ಲ ಮುಗಿದೀತು. ಕಡ್ಡಿಯನ್ನು ಬಿಸಿಲಿಗೆ ಹಿಡಿದೆ. ಕಪ್ಪು. ಅಪ್ಪಟ ಕಪ್ಪು. ಕಪ್ಪು ಬಣ್ಣ ನೋಡಿ ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಹೋಸ್ ಪೈಪುಗಳಲ್ಲಿ ಬಿರುಕಿಲ್ಲ, ನೆಲದ ಮೇಲೆ ನೀರಿನ ಕಲೆಯಿಲ್ಲ. ಫ್ಯಾನ್ ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಬಗ್ಗಿತು. ಅಷ್ಟಿರಬೇಕಂತೆ. ನೀರು ತಿರುಗಿಸುವ ಪಂಪನ್ನೂ ಅದೇ ಬೆಲ್ಟು ಓಡಿಸುವುದರಿಂದ, ಅದು ಜಾರಿದರೆ ಗಾಳಿ, ನೀರು ಎರಡೂ ಕೈಕೊಡುತ್ತವೆ.

“ಮುಂದಿನ ಜಾಲರಿ?”

ಅಲ್ಲಿ ನೋಡಿದರೆ ಗುಬ್ಬಚ್ಚಿ ಗೂಡು ಕಟ್ಟಿದ ಹಾಗಿತ್ತು! ರೋಟವೇಟರ್ ಎಬ್ಬಿಸಿದ ಒಣಹುಲ್ಲು, ಪಾರ್ಥೇನಿಯಂ ಹೂವಿನ ಪುಡಿ, ಧೂಳು ಎಲ್ಲ ಸೇರಿ ಕಂಬಳಿ ಹೊದಿಸಿತ್ತು. ಗಾಳಿಯೇ ಒಳಗೆ ಹೋಗದಿದ್ದರೆ ರೇಡಿಯೇಟರಿನ ನೀರು ತಣ್ಣಗಾಗುವುದಾದರೂ ಹೇಗೆ?

ಮಗ ಗಡಿಯಾರ ನೋಡುತ್ತ ಕುಳಿತ. ಮುಕ್ಕಾಲು ಗಂಟೆ ಕಳೆದು, ರೇಡಿಯೇಟರಿನ ಮೇಲೆ ಅಂಗೈ ಇಟ್ಟರೆ ಸುಡದಷ್ಟಾದ ಮೇಲೆಯೇ ಕೆಲಸ. ಬಿಸಿ ಎಂಜಿನ್ನಿಗೆ ತಣ್ಣೀರು ಹಾಕಿದರೆ ಕಾದ ಗಾಜಿನ ಲೋಟದಂತೆ ಬಿರುಕು ಬಿಡಬಹುದು. ಔಷಧಿ ಹೊಡೆಯುವ ಸ್ಪ್ರೇಯರನ್ನು ತೊಳೆದು, ಬರೀ ನೀರು ತುಂಬಿ, ಫ್ಯಾನಿನ ಕಡೆಯಿಂದ ಮುಂದಕ್ಕೆ ಹೊಡೆದೆ. ಕಸ ಬಂದ ದಾರಿಯಲ್ಲೇ ಹೊರಗೆ ಹೋಗಬೇಕು. ಮುಂದಿನಿಂದ ಹೊಡೆದರೆ ಇನ್ನೂ ಒಳಕ್ಕೆ ಹೋಗಿ ಕೂರುತ್ತದೆ.

ಆಮೇಲೆ ಮುಚ್ಚಳವನ್ನು ಮೆಲ್ಲಗೆ ತಿರುಗಿಸಿ ತೆಗೆದೆ. ನೀರು ಒಂದು ಗೇಣು ಕೆಳಗಿತ್ತು.

“ಒಳಗೆ ಏನು ಕಾಣ್ತದೆ?”

“ಸುಣ್ಣ ಬಳಿದಂಗಿದೆ ಮಾವ. ನಮ್ಮ ಬಚ್ಚಲ ಹಂಡೆ ಒಳಗೆ ಇರೋ ಥರ.”

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಯಾವ ನೀರು ಹಾಕ್ತಿದ್ದೆ?”

ಎರಡು ವರ್ಷದಿಂದ ಟ್ರ್ಯಾಕ್ಟರ್ ತೆಗೆಯುವ ಮುಂಚೆ ಒಂದು ಚೊಂಬು ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಹಾಕುತ್ತಿದ್ದವಳು ನಾನೇ. ಹಸುವಿಗೆ ನೀರು ಕುಡಿಸಿದಷ್ಟು ಅಕ್ಕರೆಯಿಂದ! ನಮ್ಮೂರ ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ. ಕಾದಾಗ ಅದರೊಳಗಿನ ಸುಣ್ಣದ ಅಂಶ ರೇಡಿಯೇಟರಿನ ಸಣ್ಣ ಸಣ್ಣ ಕೊಳವೆಗಳಲ್ಲಿ ಪದರ ಕಟ್ಟುತ್ತ ಬಂದಿತ್ತು. ಹಂಡೆಯಲ್ಲಿ ಸುಣ್ಣ ಕಟ್ಟಿದರೆ ಸೌದೆ ಜಾಸ್ತಿ ಬೇಕು ಎಂದು ಗೊತ್ತಿದ್ದ ನನಗೆ ಇದು ಹೊಳೆದಿರಲಿಲ್ಲ.

“ನಾನೂ ಮೊದಲು ಅದನ್ನೇ ಹಾಕ್ತಿದ್ದೆ. ಒಂದು ರೇಡಿಯೇಟರ್ ಹಾಳಾದ ಮೇಲೆ ಬಿಟ್ಟೆ. ನಿಂಗೆ ಹೇಳಬೇಕಿತ್ತು. ಹೇಳಲೇ ಇಲ್ಲ” ಎಂದರು. ಬೈಯುತ್ತಾರೆಂದು ಕಾದಿದ್ದ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಸುಣ್ಣ ಅಂದೇ ಬಿಡಿಸುವ ಹಾಗಿರಲಿಲ್ಲ. ಮಗ ಸೈಕಲ್ಲಿನಲ್ಲಿ ಹೋಗಿ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತಂದ. ನೀರು ತುಂಬಿಸಿದೆ. ರೋಟವೇಟರಿನ ಆಳ ಕಡಿಮೆ ಮಾಡಿ, ಒಂದು ಗೇರ್ ಇಳಿಸಿ, ಸಂಜೆ ನಾಲ್ಕಕ್ಕೆ ಮತ್ತೆ ಶುರು ಮಾಡಿದೆ. ಮುಕ್ಕಾಲು ಗಂಟೆಗೆ ಮುಳ್ಳು ಮತ್ತೆ ಮೇಲೇರತೊಡಗಿತು. ಈ ಸಲ ಕೆಂಪು ಮುಟ್ಟಲು ಬಿಡಲಿಲ್ಲ. ರೋಟವೇಟರ್ ಎತ್ತಿ, ಅದರ ಓಟ ನಿಲ್ಲಿಸಿ, ನೆರಳಿಗೆ ತಂದು, ಎಂಜಿನ್ನನ್ನು ಸಣ್ಣಗೆ ಓಡಲು ಬಿಟ್ಟೆ. ಹಬೆ ಇಲ್ಲದಿದ್ದಾಗ, ಬೆಲ್ಟು ಸರಿಯಿದ್ದಾಗ ಹೀಗೆ ಮಾಡಬೇಕಂತೆ. ಫ್ಯಾನು, ಪಂಪು ತಿರುಗುತ್ತಿದ್ದರೆ ಶಾಖ ಹೊರಗೆ ಹೋಗುತ್ತದೆ. ಮುಳ್ಳು ನಿಧಾನವಾಗಿ ಇಳಿಯಿತು. ಸಾಲು ಹೊಡೆಯುವುದು, ನಿಲ್ಲುವುದು, ಮತ್ತೆ ಹೊಡೆಯುವುದು. ರಾತ್ರಿ ಎಂಟಕ್ಕೆ ಹೆಡ್‌ಲೈಟಿನಲ್ಲಿ ಕೊನೆಯ ಸಾಲು ಮುಗಿಯಿತು. ಮರುದಿನ ಬೆಳಿಗ್ಗೆ ಕೂರಿಗೆ ಹಿಡಿದು ರಾಗಿ ಬಿತ್ತಿದೆವು.

ಮೆಕ್ಯಾನಿಕ್ ಬಂದ. ಎಂಜಿನ್ ಬಿಚ್ಚುವ ಮಾತಾಡದೆ ಸುಣ್ಣ ಕರಗಿಸುವ ಔಷಧಿ ಹಾಕಿ ರೇಡಿಯೇಟರ್ ತೊಳೆದ. ಮೊಟ್ಟೆಯ ಸಿಪ್ಪೆಯಂಥ ಚೂರುಗಳು ಬಂದವು. ಆಮೇಲೆ ಹಸಿರು ಕೂಲೆಂಟ್ ತುಂಬಿದ. ಇದೊಂದನ್ನು ಮಕ್ಕಳಿರುವ ಮನೆಯವರು ನೆನಪಿಡಬೇಕು: ಕೂಲೆಂಟ್ ರುಚಿಗೆ ಸಿಹಿ, ಆದರೆ ವಿಷ. ಚೆಲ್ಲಿದ ನಾಲ್ಕು ಹನಿಯನ್ನು ನಮ್ಮ ನಾಯಿ ನೆಕ್ಕಲು ಬಂದಿತ್ತು. ಮಗ ಓಡಿಸಿ, ಮಣ್ಣು ಹಾಕಿ ಎತ್ತಿದ.

ಮಾವನ ಕಣ್ಣು ಈಗ ನಿಚ್ಚಳ. ಮೊನ್ನೆ ತಾವೇ ಟ್ರ್ಯಾಕ್ಟರ್ ಹತ್ತಿ ಕುಳಿತರು. ನಾನು ಬಾನೆಟ್ಟಿನ ಹತ್ತಿರ ನಿಂತಿದ್ದೆ.

“ಜಾಲರಿ ನೋಡಿದ್ಯೇನಮ್ಮ?”

“ನೋಡ್ದೆ ಮಾವ.”

“ಏನು ಕಾಣ್ತು?”

“ಒಂದು ಚಿಟ್ಟೆ ಸಿಕ್ಕಿಹಾಕ್ಕೊಂಡಿತ್ತು. ಬಿಡಿಸಿದೆ.”

ಅವರು ಕೀ ತಿರುಗಿಸಿದರು.